ಮಾವನ ತೆಂಗಿನಕಾಯಿಗೊಂದು ಪರೀಕ್ಷೆ

ಹೊನ್ನವಳ್ಳಿಯ ಪರಮೇಶನಿಗೆ ವಿಜ್ಞಾನದ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಅನುಭವಿಸಿದ್ದು ಮಾತ್ರ ಹೆಂಡತಿ ಗಿರಿಜಾಂಬಿಕಾ. ಎಳನೀರಿನಿಂದ ಕರೆಂಟು ತೆಗೆಯಲು ಹೋಗಿ ಗೋಡೆ ಗಡಿಯಾರ ಸತ್ತಿತ್ತು. ಬಿಸಿಲಿನಲ್ಲೇ ಅನ್ನ ಮಾಡುವ ಪೆಟ್ಟಿಗೆಯೊಳಗೆ ಅಕ್ಕಿ ಮೂರು ದಿನ ಅಕ್ಕಿಯಾಗಿಯೇ ಉಳಿದಿತ್ತು. (ನಾಲ್ಕನೆಯ ದಿನ ಇರುವೆಗಳು ಹೊತ್ತೊಯ್ದವು.)

ಈ ಸಲ ಸಿಕ್ಕಿಬಿದ್ದವರು ಮಾವ ಕರಿಬಸವಯ್ಯ. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುವುದು, ಅದು ಎದ್ದು ನಿಂತ ಕಡೆ ಬೋರ್‌ವೆಲ್ ಪಾಯಿಂಟ್ ತೋರಿಸುವುದು, ನಲವತ್ತು ವರ್ಷದಿಂದ ಅವರ ಕೆಲಸ.

"ಕಾಯಿ ಸುಳ್ಳಾದ್ರೆ ತೋಟದ ಹೊಸ ಬೋರ್ ಪಾಯಿಂಟ್ ನಾನೇ ಇಡ್ತೀನಿ ಮಾವ."

"ನಿಜ ಆದ್ರೆ?" ಒಳಗಿನಿಂದ ಗಿರಿಜಾಂಬಿಕಾ ಕೇಳಿದಳು.

"ಈ ಜನ್ಮದಲ್ಲಿ ಇನ್ನು ಪ್ರಯೋಗ ಮಾಡಲ್ಲ ಕಣೇ!"

ಆಕೆ ಒಲೆ ಆರಿಸಿ ಅಂಗಳಕ್ಕೇ ಬಂದು ಕುಳಿತಳು. ಇಂಥ ವರವನ್ನು ಇದುವರೆಗೆ ಯಾವ ದೇವರೂ ಕೊಟ್ಟಿರಲಿಲ್ಲ.

ಪರಮೇಶ ಮೂರು ಮಂಕರಿ ಬೋರಲು ಹಾಕಿ, ಒಂದರ ಕೆಳಗೆ ನೀರು ತುಂಬಿದ ಬಿಂದಿಗೆ ಬಚ್ಚಿಟ್ಟು, ಮಾವನ ಕಣ್ಣಿಗೆ ಟವೆಲ್ ಕಟ್ಟಿದ. ಕರಿಬಸವಯ್ಯ ಹೊರಟರು. ಬಿಂದಿಗೆ ಇದ್ದ ಮಂಕರಿಯ ಹತ್ತಿರ ಕಾಯಿ ಮಿಸುಕಲಿಲ್ಲ. ಮೂರನ್ನೂ ದಾಟಿ, ಖಾಲಿ ನೆಲದ ಮೇಲೆ, ಅದು ಜುಟ್ಟು ಮೇಲೆ ಮಾಡಿ ಎದ್ದು ನಿಂತಿತು.

"ಸೋತ್ರಿ ಮಾವ!"

ಮಾವ ಟವೆಲ್ ಬಿಚ್ಚಿದರು. "ನೆಲದೊಳಗಿನ ನೀರು ನೋಡೋನು ನಾನು. ಬಿಂದಿಗೆ ನೀರು ನೋಡಕ್ಕೆ ನಾನ್ಯಾಕೆ ಬೇಕು ಅಳಿಯಂದ್ರೆ? ಅಗೀರಿ ಇಲ್ಲಿ."

ಪರಮೇಶ ಹಾರೆ ಎತ್ತಿದ.

"ರೀ, ಅಲ್ಲಿ ಬ್ಯಾಡ ಕಣ್ರೀ, ಅಲ್ಲಿ..."

"ಪ್ರಯೋಗದ ಮಧ್ಯೆ ಮಾತಾಡಬಾರ್ದು!"

"ಸರಿ ಬುಡಿ." ಆಕೆ ಮತ್ತೆ ನೆಮ್ಮದಿಯಾಗಿ ಕುಳಿತಳು.

ಮೂರನೆಯ ಏಟಿಗೆ ನೆಲದಿಂದ ಚಿಮ್ಮಿದ ಗಂಗೆ ಪರಮೇಶನ ಮೂಗಿಗೇ ಬಡಿದಳು.

"ಹೋದ ವರ್ಷ ನೀವೇ ಹೂತಿದ್ದ ಟ್ಯಾಂಕಿನ ಪೈಪು. ಅದನ್ನೇ ಹೇಳಕ್ಕೆ ಬಂದೆ."

"ಇದು ಲೆಕ್ಕಕ್ಕಿಲ್ಲ! ಇದು ಪೈಪಿನ ನೀರು!"

"ನೆಲದೊಳಗಿತ್ತು. ನೀರೂ ಹೌದು," ಎಂದರು ಮಾವ, ಕಾಯಿಯನ್ನು ಪಂಚೆಗೆ ಒರೆಸುತ್ತ.

"ವಾಲ್ ತಿರುಗಿಸೇ!"

"ಎಲ್ಲೈತೆ ವಾಲು? ಪೈಪು ಹೂಳುವಾಗ 'ವಾಲ್ ಹಾಕ್ಸೋದು ದಂಡ' ಅಂದೋರು ಯಾರು?"

ಬೇರೆ ದಾರಿಯಿರಲಿಲ್ಲ. ಪರಮೇಶ ಕೆಸರಲ್ಲಿ ಮಂಡಿಯೂರಿ ತೂತಿಗೆ ಅಂಗೈ ಒತ್ತಿ ಹಿಡಿದ. ಪ್ಲಂಬರ್ ತಿಪಟೂರಿನಿಂದ ಬರಬೇಕು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಬೋರ್ ಕೊರೆಸುವ ಯೋಚನೆಯಲ್ಲಿದ್ದವರೆಲ್ಲ ಅಂಗಳಕ್ಕೆ ಬಂದು ಕರಿಬಸವಯ್ಯನವರ ಸುತ್ತ ನಿಂತರು. ಗಿರಿಜಾಂಬಿಕಾ ಎಲ್ಲರಿಗೂ ಕಾಫಿ ಕೊಟ್ಟಳು. ಆಕೆಯ ಮುಖದಲ್ಲಿ ಅಷ್ಟು ಸಂತೋಷವನ್ನು ಪರಮೇಶ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ದಂಡಿನಶಿವರದಿಂದ ಇನ್ನಿಬ್ಬರು ಬೈಕಿನಲ್ಲಿ ಬಂದಿಳಿದರು. ಮಾವ ಅವರನ್ನು ಗೌರವದಿಂದ ಮುಂದಕ್ಕೆ ಕರೆದರು.

"ಎಲ್ಲಿ ಅಳಿಯಂದ್ರೆ, ಕೈ ಒಂಚೂರು ತೆಗೀರಿ. ಇವರೂ ನೋಡ್ಲಿ."

ಪರಮೇಶ ತೆಗೆದ. ಅದು ಐದನೆಯ ಸಲ.