ಬಚ್ಚಲುಗೋಡೆಯ ಅಶ್ವತ್ಥ

ಯಾವ ಹಕ್ಕಿ ಬೀಜ ಉದುರಿಸಿ ಹೋಗಿತ್ತೋ ಏನೋ, ಗಡಿಯಾರ ರಿಪೇರಿಯವನ ಬಚ್ಚಲಿನ ಹಿಂಗೋಡೆಯಲ್ಲಿ ಅಶ್ವತ್ಥದ ಸಸಿಯೊಂದು ಎಲೆ ಬಿಟ್ಟುಕೊಂಡು ನಿಂತಿತ್ತು. ಅದರ ಬುಡದಿಂದ ಕೂದಲೆಳೆಯಂಥ ಬಿರುಕು ನೆಲದವರೆಗೂ ಇಳಿದಿತ್ತು. ಹೀಗೇ ಬಿಟ್ಟರೆ ಇನ್ನು ಸ್ನಾನ ಬಯಲಲ್ಲೇ ಎಂದುಕೊಂಡು ಅವನು ಸಸಿಗೆ ಕೈಹಾಕಿದ.

"ಕೈ ತೆಗಿಯೋ" ಎಂದರು ಪಕ್ಕದ ಮನೆ ದೊಡ್ಡಮ್ಮ, ಕಾಂಪೌಂಡಿನಾಚೆಯಿಂದ. "ಅಶ್ವತ್ಥ ಕಿತ್ರೆ ಮಹಾಪಾಪ."

"ಗೋಡೆ ಬೀಳುತ್ತೆ ದೊಡ್ಡಮ್ಮ."

"ಬಿದ್ರೆ ಇನ್ನೊಂದು ಕಟ್ಟಿಸ್ಕೋ."

ಮಾತು ಕೇಳಿ ಎದುರುಮನೆಯ ನಿವೃತ್ತ ಮೇಷ್ಟ್ರೂ ಬಂದರು. ಬುಡದಲ್ಲಿ ಬ್ರಹ್ಮ, ನಡುವೆ ವಿಷ್ಣು, ತುದಿಯಲ್ಲಿ ಶಿವ ಎಂದು ಬೆರಳಿಟ್ಟು ತೋರಿಸಿದರು. ಗೇಣುದ್ದದ ಸಸಿಯಲ್ಲಿ ಮೂವರೂ ತುಂಬಿದ ಬಸ್ಸಿನಲ್ಲಿ ನಿಂತ ಹಾಗೆ ಒತ್ತಿಕೊಂಡಿರುವಂತೆ ರಿಪೇರಿಯವನಿಗೆ ಕಂಡಿತು. ನಗು ಬರಲಿಲ್ಲ, ಅವನೂ ದೈವಭಕ್ತನೇ. ಕೈ ಹಿಂತೆಗೆದ.

ಅಷ್ಟಕ್ಕೇ ಮುಗಿಯಲಿಲ್ಲ. ಬೀದಿಯ ಹೆಂಗಸರು ಪ್ರದಕ್ಷಿಣೆಗೆ ಬಂದರು. ಗೋಡೆಯ ಸಸಿಯನ್ನು ಸುತ್ತಬೇಕಾದರೆ ಮುಂಬಾಗಿಲಲ್ಲಿ ಹೊಕ್ಕು, ಅಡುಗೆಮನೆ ದಾಟಿ, ಹಿಂಬಾಗಿಲಿನಿಂದ ಹೊರಬಿದ್ದು, ಓಣಿಯಲ್ಲಿ ತಿರುಗಿ ಮತ್ತೆ ಮುಂಬಾಗಿಲಿಗೇ ಬರಬೇಕು. ಈ ಗದ್ದಲದಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಅಂಗಡಿ ತೆರೆಯಲಾಗಲಿಲ್ಲ. ಹೆಂಡತಿ ಬಚ್ಚಲಿಗೆ ಕಾಲಿಡಲೊಲ್ಲಳು. "ಗೋಡೆಯಾಚೆ ದೇವರನ್ನ ನಿಲ್ಲಿಸಿಕೊಂಡು ಹೇಗ್ರೀ ಸ್ನಾನ ಮಾಡೋದು?"

ಮಧ್ಯಾಹ್ನದ ಹೊತ್ತಿಗೆ ಒಳಗೋಡೆಯ ಗಾರೆಯ ಚೂರೊಂದು ಕಳಚಿ ನೀರಿನ ಹಂಡೆಗೆ ದುಡುಮ್ಮನೆ ಬಿತ್ತು.

ಅವನು ಕೈಕಾಲು ತೊಳೆದು ಸಸಿಯ ಮುಂದೆ ಕೈಮುಗಿದು ನಿಂತ. "ಅಪ್ಪಾ, ನಿನ್ನನ್ನ ಕೀಳ್ತಿಲ್ಲ. ಮನೆ ಬದಲಾಯಿಸ್ತಿದೀನಿ ಅಷ್ಟೆ. ಕಾಲು ಚಾಚೋ ಜಾಗ ಕೊಡ್ತೀನಿ, ಬಾ."

ಗಡಿಯಾರದ ಚಿಮುಟದಿಂದ, ನಿದ್ದೆ ಹೋದ ಮಗುವಿನ ಹಿಡಿಯಿಂದ ಸೆರಗು ಬಿಡಿಸುವ ಹಾಗೆ, ಒಂದೊಂದೇ ಬೇರು ಬಿಡಿಸಿದ. ದೊಡ್ಡಮ್ಮ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದರು. ಬೇರು ತುಂಡಾಗಲಿಲ್ಲ. ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಇಡೀ ಬೀದಿ ನೋಡುತ್ತಿರಲು, ಕೆರೆಯ ಪಕ್ಕದ ಬಯಲಿನಲ್ಲಿ ನೆಟ್ಟು ನೀರೆರೆದ. ಸಂಜೆಯ ಗಾಳಿಗೆ ಎಲೆಗಳು ತಲೆಯೆತ್ತಿ ಅಲ್ಲಾಡಿದವು. ಅವನ ಜೀವಕ್ಕೆ ತಂಪಾಯಿತು.

ಮನೆಗೆ ಬಂದು ಬಿರುಕಿಗೆ ಸಿಮೆಂಟು ಮೆತ್ತಿದ. ಹಾಯಾಗಿ ಮಿಂದ. ಒಂದಾದರೂ ಗಡಿಯಾರ ಓಡಿಸೋಣವೆಂದು ಅಂಗಡಿಗೆ ಹೊರಟರೆ ಬಾಗಿಲಲ್ಲಿ ದೊಡ್ಡಮ್ಮ.

"ಸಸಿ ನೆಮ್ಮದಿಯಾಗಿದೆ ದೊಡ್ಡಮ್ಮ. ನೀವಿನ್ನು ಹೆದರಬೇಡಿ."

"ಅದಕ್ಕೇ ಬಂದೆ ಕಣಪ್ಪ. ನಮ್ಮ ಅಡುಗೆಮನೆ ಗೋಡೇಲೂ ಒಂದಿದೆ. ಮಳೆ ಬಂದ್ರೆ ಒಲೆ ಮೇಲೇ ಸೋರುತ್ತೆ."

"ಕಿತ್ರೆ ಪಾಪ ಅಂದ್ರಲ್ಲ?"

"ನಾವು ಕಿತ್ರೆ ಪಾಪ. ನೀನು ಮಾತಾಡಿಸಿ ಕರ್ಕೊಂಡು ಹೋಗ್ತೀಯ. ಅದೂ ನೀನು ಹೇಳಿದ ಹಾಗೆ ಕೇಳುತ್ತೆ."

ಅವರ ಬೆನ್ನ ಹಿಂದೆ ಅರ್ಧ ಬೀದಿಯೇ ಸಾಲುಗಟ್ಟಿ ನಿಂತಿತ್ತು. ಸಾಲಿನ ನಡುವಿನಿಂದ ಮೇಷ್ಟ್ರು ಕೆಮ್ಮಿದರು.

"ನಮ್ಮದು ಸ್ವಲ್ಪ ಎತ್ತರದಲ್ಲಿದೆ ಕಣಯ್ಯ. ನಿನಗ್ಯಾಕೆ ತೊಂದರೆ ಅಂತ ಏಣಿ ನಾನೇ ತಂದಿದೀನಿ."