ತಿದ್ದುಪಡಿಗೆ ಅವಕಾಶವಿಲ್ಲ

ಮಸ್ಕತ್ತಿನ ರೂವಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿರುವ ಕುಂಞಾಲಿಗೆ ಜೆರಾಕ್ಸ್ ವಿಷಯದಲ್ಲಿ ಒಂದು ಸಿದ್ಧಾಂತವಿತ್ತು. ಎಷ್ಟೇ ದಪ್ಪದ ದಾಖಲೆಯಿರಲಿ, ಮೊದಲ ಹಾಳೆ ಮತ್ತು ಕೊನೆಯ ಹಾಳೆ ಸಾಕು. "ಮೊದಲನೆಯದರಲ್ಲಿ ಹೆಸರು, ಕೊನೆಯದರಲ್ಲಿ ಸೀಲು. ನಡುವೆ ಉಂಟಲ್ಲ, ಅದನ್ನು ಬರೆದವ ಸಹ ಓದಿರುದಿಲ್ಲ" ಎನ್ನುತ್ತಿದ್ದ. ಹದಿನೆಂಟು ವರ್ಷ ಈ ಸಿದ್ಧಾಂತದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬುಧವಾರ ಸಂಜೆ ಅದೇ ಕಟ್ಟಡದ ಮೂರನೇ ಮಹಡಿಯ ಪ್ರೇಮನಾಥ ಹಸಿರು ಫೈಲೊಂದನ್ನು ಅವನ ಮೇಜಿನ ಮೇಲಿಟ್ಟು "ಇದಕ್ಕೊಂದು ಸೆಟ್ ಮಾಡಿಕೊಡು ಕುಂಞಾಲಿ" ಎನ್ನುವವರೆಗೆ.

ಪ್ರೇಮನಾಥ ಏಸಿ ಬಿಡಿಭಾಗಗಳ ಕಂಪನಿಯಲ್ಲಿ ಸ್ಟೋರ್‌ಕೀಪರ್. ವಯಸ್ಸು ಮೂವತ್ತೊಂಬತ್ತು. ಅದೇ ನಗರದ ಅಲ್ ಖೌದ್‌ನ ಒಂದು ದಂತ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಸ್ವರ್ಣಲತಾಳ ಜೊತೆ ಅವನ ಎರಡನೆಯ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಅಪ್ಪ ನೋಂದಣಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಜಾತಕ ಕೇಳಿರಲಿಲ್ಲ, ಕಾಗದ ಕೇಳಿದ್ದರು. ಈ ಮನುಷ್ಯನಿಗೆ ಈಗ ಹೆಂಡತಿ ಇಲ್ಲ, ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರ ಮಸ್ಕತ್ತಿನಿಂದ ಬರಬೇಕು. ಸೋಮವಾರ ಊರಿನ ವಿವಾಹ ನೋಂದಣಿ ಕಚೇರಿಯ ಮೇಜಿನ ಮೇಲಿರಬೇಕು. ಇಲ್ಲವಾದರೆ ಮದುವೆ ಇಲ್ಲ. ಶನಿವಾರಕ್ಕೆ ವಿಮಾನ. ಶುಕ್ರ, ಶನಿ ಮಸ್ಕತ್ತಿನ ಕಚೇರಿಗೆ ರಜೆ. ಅಂದರೆ ಗುರುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಆದರೆ ಆಯಿತು.

ಗುರುವಾರ ಹತ್ತೂವರೆಗೆ ಭಾರತೀಯ ರಾಯಭಾರ ಕಚೇರಿಯ ಏಳನೇ ಕೌಂಟರಿನಲ್ಲಿ ದೊರೆಸ್ವಾಮಿ ಎಂಬ ಅಧಿಕಾರಿ ಫೈಲು ಬಿಚ್ಚಿದರು. ಮೈಸೂರಿನ ಕಡೆಯವರು. ಕನ್ನಡ ಕೇಳಿ ಪ್ರೇಮನಾಥನ ಅರ್ಧ ಬೆವರು ಆರಿತು.

"ಸಿಸ್ಟಮ್‌ನಲ್ಲಿ ನಾಲ್ಕೇ ಬಾಕ್ಸ್ ಇರೋದು ಕಣ್ರೀ. ಅವಿವಾಹಿತ, ವಿವಾಹಿತ, ವಿಚ್ಛೇದಿತ, ವಿಧುರ. ನೀವು ಯಾವುದು?"

"ವಿಚ್ಛೇದಿತ ಸಾರ್."

"ಹೆಂಡತಿ ಹೆಸರು?"

"ಆಗಿನದ್ದಾ ಸಾರ್, ಈಗಿನದ್ದಾ?"

ದೊರೆಸ್ವಾಮಿ ಕನ್ನಡಕ ತೆಗೆದರು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಎಡಗೈ ಬೆರಳು ಒಂದರ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ ಊರಿದರು. "ಮದುವೆ ಸರ್ಟಿಫಿಕೇಟ್ ಪ್ರಕಾರ ನೀವು ಸೌಮ್ಯಶ್ರೀ ಅನ್ನೋರನ್ನ ಮದುವೆ ಆಗಿದೀರಿ. ಕೋರ್ಟ್ ಆರ್ಡರ್ ಪ್ರಕಾರ ಅಕ್ಷಿತ್ ಅನ್ನೋರಿಗೆ ಡೈವೋರ್ಸ್ ಕೊಟ್ಟಿದೀರಿ. ಸೌಮ್ಯಶ್ರೀಗೆ ಇನ್ನೂ ಕೊಟ್ಟಿಲ್ಲ. ಅಕ್ಷಿತ್‌ನ ನೀವು ಮದುವೇನೇ ಆಗಿಲ್ಲ. ಇದೇನ್ರೀ ಇದು?"

"ಇಬ್ಬರೂ ಒಬ್ಬರೇ ಸಾರ್" ಎಂದು ಪ್ರೇಮನಾಥ ದನಿ ತಗ್ಗಿಸಿದ. ಅವನು ತಗ್ಗಿಸಿದಷ್ಟೂ ಹಿಂದಿನ ಸಾಲು ಮುಂದಕ್ಕೆ ಬಾಗಿತು. ಆಗ ಸೌಮ್ಯಶ್ರೀ ಎಂಬ ಹೆಸರಿನಲ್ಲಿ ತನ್ನನ್ನು ಮದುವೆಯಾಗಿದ್ದ ಜೀವ ಗಂಡಸಾಗಿ ಬದುಕತೊಡಗಿದ್ದು, ಜಿಲ್ಲಾಧಿಕಾರಿಯಿಂದ ಕಾಗದ ಪಡೆದು ಅಕ್ಷಿತ್ ಆದದ್ದು, ಆಮೇಲೆ ಇಬ್ಬರೂ ಒಂದೇ ಆಟೋದಲ್ಲಿ ಕೋರ್ಟಿಗೆ ಹೋಗಿ ಸಹಿ ಹಾಕಿ ಒಂದೇ ಹೋಟೆಲಿನಲ್ಲಿ ಗೋಳಿಬಜೆ ತಿಂದು ಬೇರೆಯಾದದ್ದು, ಎಲ್ಲ ಹೇಳಿದ.

"ಸಂತೋಷ. ಹಾಗಾದ್ರೆ ಮದುವೆ ಸರ್ಟಿಫಿಕೇಟಲ್ಲಿ ಹೆಸರು ತಿದ್ದಿಸ್ಕೊಂಡು ಬನ್ನಿ."

"ಅದಕ್ಕೂ ಅರ್ಜಿ ಹಾಕಿದ್ದೇವೆ ಸಾರ್. ಉತ್ತರ ಫೈಲಲ್ಲಿ ಉಂಟು."

ದೊರೆಸ್ವಾಮಿ ಓದಿದರು. ನಮೂದು ಮಾಡುವಾಗಲೇ ತಪ್ಪಾಗಿದ್ದರೆ ಮಾತ್ರ ವಿವಾಹ ರಿಜಿಸ್ಟರನ್ನು ತಿದ್ದಬಹುದು. ಬರೆದ ದಿನ ಸರಿಯಿದ್ದದ್ದನ್ನು ಆಮೇಲೆ ತಿದ್ದುವ ಕ್ರಮವಿಲ್ಲ. ಆದ್ದರಿಂದ ತಿದ್ದುಪಡಿಗೆ ಅವಕಾಶವಿಲ್ಲ. ಅವರ ಮುಖದಲ್ಲಿ ಒಳ್ಳೆಯ ಸಂಗೀತ ಕೇಳಿದವರ ಕಳೆ ಮೂಡಿತು. "ಎಷ್ಟು ಚೆನ್ನಾಗಿ ಬರೆದಿದಾನೆ ಕಣ್ರೀ! ನಾನು ಇದರ ಮೇಲೆ ಏನೂ ಮಾಡಕ್ಕಾಗಲ್ಲ. ನಾಲ್ಕರಲ್ಲಿ ಒಂದು ಬಾಕ್ಸಿಗೆ ಸರಿಯಾಗಿ ಹೊಂದ್ಕೊಂಡು ಬನ್ನಿ. ಒಂದು ಗಂಟೆಗೆ ಶಟರ್."

ಬಿಸಿಲು ಗರಗಸದ ಹಾಗೆ ಕೊಯ್ಯುತ್ತಿತ್ತು. ಪ್ರೇಮನಾಥ ಕುಂಞಾಲಿಯ ಅಂಗಡಿಗೆ ಓಡಿ, ಸಂಗತಿ ಹೇಳಿ, "ಏನಾದರೂ ದಾರಿ ನೋಡು ಮಾರಾಯ" ಎಂದು ಅವನ ಕೈಗೆ ಫೈಲು ಕೊಟ್ಟು, ತಾನು ಬಾಗಿಲ ಹೊರಗೆ ಎರಡಡಿ ನೆರಳಿನಲ್ಲಿ ನಿಂತು ಅಕ್ಷಿತ್‌ಗೆ ವಿಡಿಯೊ ಕರೆ ಮಾಡಿದ.

ಅಕ್ಷಿತ್ ಸುರತ್ಕಲ್‌ನಲ್ಲಿ ಅಲಂಕಾರದ ಮೀನುಗಳ ಅಂಗಡಿ ಇಟ್ಟಿದ್ದಾನೆ. ಅವನ ಗಡ್ಡದ ಹಿಂದೆ ಎರಡು ಕಿತ್ತಳೆ ಬಣ್ಣದ ಮೀನುಗಳು ಅತ್ತಿತ್ತ ತಿರುಗುತ್ತಿದ್ದವು.

"ಎಂತ ಮಾರಾಯ, ಮುಖ ಹಪ್ಪಳದ ಹಾಗೆ ಆಗಿದೆ?"

ಪ್ರೇಮನಾಥ ಹೇಳಿದ. ಅಕ್ಷಿತ್ ನಕ್ಕ. "ನನ್ನ ಜನನ ಪತ್ರದಲ್ಲಿ ಗಂಡು ಅಂತ ತಿದ್ದಿಯಾಗಿದೆ, ಗೊತ್ತುಂಟಲ್ಲ? ಅಂದ್ರೆ ಸರ್ಕಾರದ ಲೆಕ್ಕದಲ್ಲಿ ನಾನು ಹುಟ್ಟುವಾಗಲೇ ಗಂಡಸು. ಶಾಲೆಗೆ ಹೋಗುವಾಗ ಗಂಡಸು. ಈಗಲೂ ಗಂಡಸು. ನಡುವೆ ಒಂದು ಸೋಮವಾರ ಮಧ್ಯಾಹ್ನ ರಿಜಿಸ್ಟ್ರಾರ್ ಆಫೀಸಿನಲ್ಲಿ ಹತ್ತು ನಿಮಿಷ ಮಾತ್ರ ಹೆಂಗಸು. ಆ ಹತ್ತು ನಿಮಿಷ ಯಾರಿಗೂ ತಿದ್ದಲಿಕ್ಕೆ ಆಗುದಿಲ್ಲ."

"ನಗಬೇಡ ಮಾರಾಯ. ನನಗೆ ಮದುವೆ ಉಂಟು."

ಅಷ್ಟರಲ್ಲಿ ಒಳಗಿನಿಂದ ಕುಂಞಾಲಿ ಕೂಗಿದ. "ಪ್ರೇಮಣ್ಣ, ಖಲಾಸ್! ಆಯ್ತು!"

"ಎಂತ ಆಯ್ತು?"

"ವಿಚ್ಛೇದಿತ ಅಂತ ಹಾಕಿದ್ರೆ ಎರಡು ಹೆಸರು ತಾಳೆ ನೋಡ್ತಾರೆ. ವಿಧುರ ಅಂತ ಹಾಕಿದ್ರೆ ಒಂದೇ ಹೆಸರು. ಸೌಮ್ಯಶ್ರೀ ಎಂಬವರು ಈಗ ಇಲ್ಲ ಅಂತ ಬರೆದಿದ್ದೇನೆ. ಸುಳ್ಳಾ? ಅಲ್ಲ. ಇಬ್ಬರು ಪರಿಚಯದವರ ಸಹಿ ಬೇಕು. ಒಂದು ನಂದು. ಇನ್ನೊಂದು ನಿಮ್ಮ ಎದುರು ಮನೆ ಲೋಲಾಕ್ಷಕ್ಕಂದು. ಈಗಷ್ಟೇ ಡ್ರಾಫ್ಟ್ ಅವರಿಗೆ ವಾಟ್ಸಾಪ್ ಮಾಡಿದೆ."

ಎದುರು ಮನೆಯ ಲೋಲಾಕ್ಷಕ್ಕ ಕಟ್ಟಡದ ಭಜನಾ ಬಳಗದ ಅಧ್ಯಕ್ಷೆ. ಇನ್ನೂರ ಹದಿನಾಲ್ಕು ಜನರಿರುವ 'ನಮ್ಮವರು ಮಸ್ಕತ್' ಗುಂಪಿನ ಅಡ್ಮಿನ್. ನಾಲ್ಕು ವರ್ಷಗಳಿಂದ ಅವರು "ಸೌಮ್ಯ ಯಾವಾಗ ಬರುದು?" ಎಂದು ಕೇಳುತ್ತಲೇ ಇದ್ದರು, ಇವನು "ಅತ್ತೆಗೆ ಹುಷಾರಿಲ್ಲ, ಊರಲ್ಲೇ ಇದ್ದಾಳೆ" ಎನ್ನುತ್ತಲೇ ಇದ್ದ. ಹೆಂಡತಿ ಇಲ್ಲದವನಿಗೆ ಆ ಕಟ್ಟಡದಲ್ಲಿ ಮನೆ ಕೊಡುವುದಿಲ್ಲ.

ಕೈಯಲ್ಲಿದ್ದ ಫೋನಿನೊಳಗೆ ಅಕ್ಷಿತ್ ನಗುವುದನ್ನು ನಿಲ್ಲಿಸಿದ್ದ. "ಪ್ರೇಮ, ಒಂದು ಮಾತು ಕೇಳು. ನಾನು ಇದ್ದೇನೆ ಅಂತ ಕಾಗದದಲ್ಲಿ ಬರೆಸಲಿಕ್ಕೆ ನನಗೆ ಮೂರು ವರ್ಷ ಹಿಡಿಯಿತು. ನೀವಿಬ್ಬರು ಸೇರಿ ಮೂರು ನಿಮಿಷದಲ್ಲಿ ಕೊಂದ್ರಾ?"

"ನಾನಲ್ಲ ಮಾರಾಯ, ಇವನು..."

"ಯಾರಾದ್ರೂ ಸರಿ, ಮೊದಲು ಅದನ್ನು ಹರಿದು ಬಿಸಾಡು. ಮತ್ತೆ, ಮೂರನೇ ಪೇಜು ತೋರಿಸಿದ್ದೀಯಾ ಆ ಸಾಹೇಬರಿಗೆ?"

"ಯಾವ ಮೂರನೇ ಪೇಜು?"

"ಡೈವೋರ್ಸ್ ಆರ್ಡರಿಂದು. ಜಡ್ಜ್ ಅದರಲ್ಲಿ ಬರೆದಿದ್ದಾರಲ್ಲ, 'ಈ ಹಿಂದೆ ಸೌಮ್ಯಶ್ರೀ ಎಂದು ಕರೆಯಲ್ಪಡುತ್ತಿದ್ದ, ಸದರಿ ವಿವಾಹದ ಪಕ್ಷಕಾರರಾದ ಅಕ್ಷಿತ್' ಅಂತ. ಆ ಒಂದು ಸಾಲಿಗೆ ನಾನು ಮೂರು ಸಲ ಕೋರ್ಟಿಗೆ ಹೋಗಿದ್ದೆ."

ಪ್ರೇಮನಾಥ ಫೈಲು ಕಸಿದು ನೋಡಿದ. ಆದೇಶದ ಒಂದನೇ ಹಾಳೆ. ಐದನೇ ಹಾಳೆ. ಅವನು ಕುಂಞಾಲಿಯನ್ನು ನೋಡಿದ. ಕುಂಞಾಲಿ ಫ್ಯಾನು ನೋಡಿದ.

ಮೂಲ ಪ್ರತಿ ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಅಕ್ಷಿತ್ ಐದೂ ಹಾಳೆಗಳ ಫೋಟೊ ಕಳಿಸಿದ, ಮೆಷಿನ್ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ದಾಖಲೆಯನ್ನು ಪೂರ್ತಿ ಮುದ್ರಿಸಿತು. ಆಗ ಗಂಟೆ ಹನ್ನೆರಡೂ ಇಪ್ಪತ್ತು.

"ಲೋಲಾಕ್ಷಕ್ಕನಿಗೆ ಬೇಡ ಅಂತ ಹೇಳು, ಈಗಲೇ!" ಎನ್ನುತ್ತ ಪ್ರೇಮನಾಥ ಓಡಿದ.

"ಯಲ್ಲಾ, ಬೇಗ ಹೋಗಿ, ನಾನು ಹೇಳ್ತೇನೆ" ಎಂದ ಕುಂಞಾಲಿ. ಮಾತಿಗೆ ತಪ್ಪಲಿಲ್ಲ. 'ಅಕ್ಕ, ಸಹಿ ಬೇಡ' ಎಂದು ಮೂರು ಪದ ಕಳಿಸಿದ. ಬೇರೇನೂ ಬರೆಯಲಿಲ್ಲ. ಅವನ ಸಿದ್ಧಾಂತದಲ್ಲಿ ನಡುವಿನ ವಿವರಕ್ಕೆ ಜಾಗವಿರಲಿಲ್ಲ.

ಕಚೇರಿಯ ಬಾಗಿಲಲ್ಲಿ ಫೋನು ಬಂದ್ ಮಾಡಿಸಿದರು. ಹನ್ನೆರಡೂ ನಲವತ್ತೈದಕ್ಕೆ ದೊರೆಸ್ವಾಮಿ ಮೂರನೇ ಹಾಳೆ ಹಿಡಿದು ತುಟಿಯಲ್ಲೇ ಓದಿದರು, ಮತ್ತೊಮ್ಮೆ ಓದಿದರು.

"ಇದನ್ನ ಬೆಳಿಗ್ಗೆನೇ ತೋರಿಸೋಕೆ ಏನಾಗಿತ್ತು ಸ್ವಾಮಿ ನಿಮಗೆ? ರಿಜಿಸ್ಟರ್ ತಿದ್ದೋ ಅಗತ್ಯಾನೇ ಇಲ್ಲ. ಅದು ಅದರ ಪಾಡಿಗೆ ಇರಲಿ. ಜಡ್ಜೇ ಹೇಳ್ತಿದಾರಲ್ಲ, ಇವರೇ ಅವರು ಅಂತ."

ಟಕ್. ಟಕ್. ಸೀಲು ಬಿದ್ದ ಶಬ್ದ ಪ್ರೇಮನಾಥನ ಕಿವಿಗೆ ವಾಲಗದಂತೆ ಕೇಳಿಸಿತು. ವಿಚ್ಛೇದಿತ. ಮದುವೆಯಾಗಲು ಅಡ್ಡಿಯಿಲ್ಲ. ಅವನು ಕಾಗದವನ್ನು ಹಸುಗೂಸಿನಂತೆ ಎತ್ತಿಕೊಂಡು ಹೊರಗೆ ಬಂದ. ಸ್ವರ್ಣಲತಾಳಿಗೆ ಹೇಳಬೇಕೆಂದು ಫೋನು ಆನ್ ಮಾಡಿದರೆ ಅದು ಕೈಯಲ್ಲೇ ನಡುಗತೊಡಗಿತು. ನೂರ ಎಂಬತ್ತು ಸಂದೇಶ. ಎಲ್ಲದರಲ್ಲೂ ಕೈಮುಗಿದ ಚಿತ್ರ. 'ಓಂ ಶಾಂತಿ.' 'ಧೈರ್ಯ ತಂದುಕೊಳ್ಳಿ ಪ್ರೇಮಣ್ಣ.' 'ಎಷ್ಟು ಒಳ್ಳೆಯ ಹೆಂಗಸು.' ಈ ಕೊನೆಯದನ್ನು ಬರೆದವನು ಸೌಮ್ಯಶ್ರೀಯನ್ನು ಕಂಡೇ ಇರಲಿಲ್ಲ.

ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಅವನ ಬಾಗಿಲವರೆಗೆ ಚಪ್ಪಲಿಗಳು. ಬೀಗದ ಇನ್ನೊಂದು ಕೀಲಿ ಲೋಲಾಕ್ಷಕ್ಕನ ಬಳಿ ಇತ್ತು. ಒಳಗೆ ದೀಪ, ಭಜನೆ, ಒಂದು ದೊಡ್ಡ ಪಾತ್ರೆ ಗಂಜಿ. ಗೋಡೆಗೆ ಆನಿಸಿ ಹಳೆಯ ಮದುವೆ ಫೋಟೊ. ಅದರಲ್ಲಿ ಪ್ರೇಮನಾಥನ ಅರ್ಧವನ್ನು ಬಟ್ಟೆಯಿಂದ ಮುಚ್ಚಿ, ಉಳಿದರ್ಧಕ್ಕೆ ಮಲ್ಲಿಗೆ ಹಾಕಿದ್ದರು. ಮೂಲೆಯಲ್ಲಿ ಸ್ವರ್ಣಲತಾ ಕೈಕಟ್ಟಿ ನಿಂತಿದ್ದಳು. ಮಸ್ಕತ್ತಿನ ಬಿಸಿಲಿಗಿಂತ ಅವಳ ಕಣ್ಣು ಬಿಸಿಯಿತ್ತು.

"ಬಾ ಮಗಾ" ಎಂದು ಲೋಲಾಕ್ಷಕ್ಕ ಅವನ ತಲೆ ಸವರಿದರು. "ಅಷ್ಟು ದುಃಖ ಒಳಗೆ ಇಟ್ಟುಕೊಂಡು ಬೆಳಿಗ್ಗೆ ನನಗೆ ನಮಸ್ಕಾರ ಹೇಳಿದೆಯಲ್ಲ! ಕುಂಞಾಲಿಯ ಕಾಗದ ನೋಡಿ ನನ್ನ ಜೀವವೇ ಹೋಯ್ತು. ಸಹಿ ಬೇಡ ಅಂತ ಪುನಃ ಮೆಸೇಜು ಬಂತು. ನೋಡಿ, ಪಾಪ, ನಮಗೆ ತೊಂದ್ರೆ ಆಗಬಾರ್ದು ಅಂತ."

"ಅಕ್ಕ, ಯಾರೂ ಸತ್ತಿಲ್ಲ!"

"ಎಲ್ಲರೂ ಮೊದಲು ಹಾಗೇ ಹೇಳುದು ಮಗಾ. ಕೂತ್ಕೋ, ನೀರು ಕುಡಿ."

ಸ್ವರ್ಣಲತಾ ಮುಂದೆ ಬಂದಳು. "ನೀವು ವಿಧುರ ಅಂತ ಟೈಪ್ ಮಾಡಿಸಿದ್ರಾ?"

"ನಾನಲ್ಲ ಮಾರಾಯ್ತಿ, ಆ ಕುಂಞಾಲಿ. ಅಕ್ಷಿತ್ ಹತ್ರವೇ ಕೇಳು, ಬೇಕಾದ್ರೆ" ಎಂದು ಪ್ರೇಮನಾಥ ಸುರತ್ಕಲ್‌ಗೆ ಕರೆ ಮಾಡಿ, "ಇಲ್ಲಿ ಎಲ್ಲರೂ ಸೇರಿದ್ದಾರೆ. ಹೇಳಲಾ?" ಎಂದ.

"ಅಡಗಿಸಿ ಇಡು ಅಂತ ನಾನು ಯಾವಾಗ ಹೇಳಿದ್ದೆ? ಫೋನು ಎತ್ತಿ ಹಿಡಿ." ಗಡ್ಡ, ಅದರ ಹಿಂದೆ ಮೀನು. "ನಮಸ್ಕಾರ ಎಲ್ಲರಿಗೂ. ಲೋಲಾಕ್ಷಕ್ಕ, ಗುರ್ತ ಸಿಗ್ಲಿಲ್ವಾ? ನಿಮ್ಮ ಮಗಳ ಬರ್ತ್‌ಡೇಗೆ ಕೇಕು ಬೀಳಿಸಿದ್ದು ನಾನೇ. ಆಗ ಹೆಸರು ಸೌಮ್ಯಶ್ರೀ. ಈಗ ಅಕ್ಷಿತ್. ಸತ್ತಿಲ್ಲ, ಚೆನ್ನಾಗಿದ್ದೇನೆ. ನಮ್ಮ ಡೈವೋರ್ಸ್ ಆಗಿ ಎರಡು ವರ್ಷ ಆಯ್ತು."

ಭಜನೆಯ ತಾಳ ನಿಂತಿತು. ಲೋಲಾಕ್ಷಕ್ಕ ಫೋನನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಆ ಕೇಕು ಅವರಿಗೆ ನೆನಪಿತ್ತು. "ಅಯ್ಯೋ, ಹೌದಾ! ಅದೇ ಕಣ್ಣು! ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯುಷ್ಯ ಜಾಸ್ತಿ ಮಗಾ. ಗಡ್ಡ ನಿನಗೆ ಚಂದ ಕಾಣ್ತದೆ." ಆಮೇಲೆ ಗಂಜಿಯ ಪಾತ್ರೆ ನೋಡಿ, ಒಂದು ಕ್ಷಣ ಯೋಚಿಸಿ, "ಹೇಗೂ ಮಾಡಿ ಆಗಿದೆ, ಎಲ್ಲರೂ ಕೂತ್ಕೊಳ್ಳಿ" ಎಂದರು.

ಪ್ರೇಮನಾಥನಿಗೆ ಉಸಿರು ಬಂತು. ಕಾಗದವನ್ನು ಸ್ವರ್ಣಲತಾಳ ಕೈಗಿಟ್ಟ. ಅವಳು ಓದಿದಳು, ನಗಲಿಲ್ಲ.

"ಅಪ್ಪನಿಗೂ ಸುದ್ದಿ ಹೋಗಿದೆ" ಎಂದಳು.

"ಮಸ್ಕತ್ತಿನ ಗುಂಪು ಅವರಿಗೆಲ್ಲಿ?"

"ಇಲ್ಲಿಂದ ಮೂಲ್ಕಿಗೆ ಹನ್ನೊಂದು ನಿಮಿಷ ಸಾಕಾಯ್ತು. ನೀವೇ ಮಾತಾಡಿ."

ಅವಳ ಫೋನಿನಲ್ಲಿ ಮಾವನಾಗಬೇಕಾದವರು ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು ಕುಳಿತಿದ್ದರು. ಪ್ರೇಮನಾಥ ಮೂರನೇ ಹಾಳೆಯಿಂದ ಹಿಡಿದು ಸೀಲಿನವರೆಗೆ ಎಲ್ಲವನ್ನೂ ವಿವರಿಸಿದ. ಅವರು ಶ್ರದ್ಧೆಯಿಂದ ಕೇಳಿದರು. ಅಕ್ಷಿತ್‌ನ ವಿಷಯಕ್ಕೆ ತಲೆಯಾಡಿಸಿ, "ಅವರು ಅವರ ಕಾಗದ ಸರಿ ಮಾಡಿಸಿಕೊಂಡಿದ್ದಾರೆ. ಅದರಲ್ಲಿ ನನಗೆ ಮಾತಿಲ್ಲ" ಎಂದರು.

"ಹಾಗಾದ್ರೆ ಸೋಮವಾರ ಬರ್ತೇನೆ ಮಾವ!"

"ಸ್ವಲ್ಪ ತಡೆಯಿರಿ. ಮಧ್ಯಾಹ್ನ ನಮಗೆ ಸಾವಿನ ಸುದ್ದಿ ಬಂತು. ಮನೆಮಂದಿ ಎಲ್ಲರೂ ತಲೆಗೆ ಮಿಂದೆವು. ನಿಮ್ಮ ಮನೆಯಲ್ಲಿ ಸಾವಾಗಿದೆ, ಒಂದು ವರ್ಷ ಶುಭಕಾರ್ಯ ಇಲ್ಲ ಅಂತ ಪುರೋಹಿತರಿಗೂ ಕಲ್ಯಾಣ ಮಂಟಪದವರಿಗೂ ತಿಳಿಸಿ ಆಯ್ತು."

"ಆದ್ರೆ ಸುದ್ದಿ ಸುಳ್ಳಲ್ವಾ ಮಾವ?"

"ಈಗ ಸುಳ್ಳು. ನಾವು ಮೀಯುವಾಗ ಸರಿ ಇತ್ತು." ಅವರು ಬೈರಾಸಿನ ತುದಿಯಿಂದ ಕಿವಿ ಒರೆಸಿಕೊಂಡರು. "ಮಿಂದ ದಿನ ಸರಿಯಿದ್ದದ್ದನ್ನು ಆಮೇಲೆ ತಿದ್ದುವ ಕ್ರಮ ಇಲ್ಲ ಅಳಿಯಂದಿರೇ. ಒಂದು ವರ್ಷ ಅಲ್ವಾ, ಹೀಗೆ ಕಳೀತದೆ. ನಿಮ್ಮ ಕಾಗದ ಸರಿಯಾಗಿದೆ, ಅದನ್ನು ಜೋಪಾನವಾಗಿ ಇಡಿ."

ಕರೆ ಕಡಿಯಿತು. ಇನ್ನೊಂದು ಫೋನಿನಲ್ಲಿ ಮೀನುಗಳ ಮುಂದೆ ಅಕ್ಷಿತ್ ಬಾಯಿಗೆ ಕೈ ಅಡ್ಡ ಹಿಡಿದಿದ್ದ, ಭುಜ ಕುಣಿಯುತ್ತಿತ್ತು.

ಬಾಗಿಲಲ್ಲಿ ಕುಂಞಾಲಿ ಕಾಣಿಸಿಕೊಂಡ. ಸಂತಾಪಕ್ಕೆ ಬಂದವನು, ಒಳಗಿನ ಗಾಳಿ ನೋಡಿ ಸಂತಾಪವನ್ನು ನುಂಗಿಕೊಂಡ. ಸ್ವರ್ಣಲತಾಳ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡು, ವೃತ್ತಿಯ ಅಭಿಮಾನದಿಂದ ಬೆಳಕಿಗೆ ಹಿಡಿದ. ಬೆಳಗಿನ ಪಾಠ ಇನ್ನೂ ಹಸಿಯಾಗಿತ್ತೋ ಏನೋ, ಜೀವನದಲ್ಲಿ ಮೊದಲ ಬಾರಿಗೆ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ.

"ಪ್ರೇಮಣ್ಣ, ಇಲ್ಲಿ ಸಣ್ಣಕ್ಷರದಲ್ಲಿ ಒಂದು ಬರೆದಿದ್ದಾರೆ. ಕೊಟ್ಟ ದಿನದಿಂದ ಆರು ತಿಂಗಳು ಮಾತ್ರ ಚಾಲ್ತಿ."

ಲೋಲಾಕ್ಷಕ್ಕ ಪ್ರೇಮನಾಥನ ಮುಂದೆ ಒಂದು ಬಟ್ಟಲು ಗಂಜಿ ಇಟ್ಟರು.

"ನೀವು ಟೆನ್ಶನ್ ಮಾಡಬೇಡಿ" ಎಂದ ಕುಂಞಾಲಿ ಅವನ ಪಕ್ಕ ಕುಳಿತು. "ಬರುವ ವರ್ಷ ಪುನಃ ಹಾಕುವ. ಬೆಳಿಗ್ಗೆಯ ಆ ಡ್ರಾಫ್ಟ್ ಉಂಟಲ್ಲ, ನಾನು ಡಿಲೀಟ್ ಮಾಡ್ಲಿಲ್ಲ."