ಪುಟ್ಟ ಮೋಡದ ಕೊನೆಯ ಕಂತು

ಹಲ್ಲುನೋವೆಂದು ಸುಳ್ಳು ಹೇಳುವವರು ಯಾವ ಹಲ್ಲು ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತ ಅದನ್ನು ಯೋಚಿಸಿರಲಿಲ್ಲ.

ಫೋನು ಎತ್ತುವುದು ಅವನ ಕೆಲಸ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬೈಯುವವರಿಗೂ ನೀರು ನಿಲ್ಲುತ್ತಿಲ್ಲ ಎಂದು ಬೈಯುವವರಿಗೂ ಒಂದೇ ದನಿಯಲ್ಲಿ "ಬರ್ಕೊಂಡಿದ್ದೀನಿ" ಎನ್ನುತ್ತಾನೆ. ಶನಿವಾರ ಬೆಳಿಗ್ಗೆಯಂತೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥ ಶನಿವಾರವೇ ಅವನು ರಜೆ ಕೇಳಿದ್ದು ಒಂದು ಮೋಡಕ್ಕಾಗಿ.

ಅವನು ಚಿಕ್ಕವನಿದ್ದಾಗ ಶನಿವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ದಾರಿ ತಪ್ಪಿದ ಪುಟ್ಟ ಮೋಡವೊಂದು ಊರೂರಿನ ಮೇಲೆ ತೇಲುತ್ತ, ಗಾಳಿಪಟವನ್ನು, ಗಡಿಯಾರದ ಗೋಪುರವನ್ನು, ಒಣಹಾಕಿದ ಬಟ್ಟೆಗಳನ್ನು, "ನನ್ನ ಅಮ್ಮನನ್ನು ಕಂಡಿರಾ?" ಎಂದು ಕೇಳುತ್ತ ಹೋಗುವ ಕತೆ. ಆ ವರ್ಷ ಅವನ ಅಮ್ಮ ಆಸ್ಪತ್ರೆಯಲ್ಲಿದ್ದಳು, ಅವನು ಚಿಕ್ಕಮ್ಮನ ಮನೆಯಲ್ಲಿದ್ದ. ಇಡೀ ಬೀದಿಗೆ ಟೀವಿ ಇದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಆ ಅಜ್ಜಿ ಆಗಾಗ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟು, "ಪಾಪ, ಮೈ ಸುಡ್ತಾ ಇದೆ, ಸ್ವಲ್ಪ ಮಲಗ್ಲಿ" ಎಂದು ಆರಿಸಿಬಿಡುತ್ತಿದ್ದಳು. ಕೊನೆಯ ಕಂತಿನ ದಿನವೂ ಹಾಗೇ ಆಯಿತು. ಮೋಡ ಸಮುದ್ರದ ಮೇಲೆ ನಿಂತಿತ್ತು, ದೂರದಲ್ಲಿ ಏನೋ ಬೆಳ್ಳಗೆ ಕಂಡಿತು, ಅಷ್ಟರಲ್ಲಿ ಟೀವಿ ಮಲಗಿತು.

ಅವನ ಅಮ್ಮನೇನೋ ಹುಷಾರಾಗಿ ಮನೆಗೆ ಬಂದಳು. ಆದರೆ ಮೋಡದ ಅಮ್ಮ? ತಲೆ ಅರ್ಧ ನರೆತ ಮೇಲೂ, ಫೋನಿನಲ್ಲಿ ಯಾರೋ ಬೈಯುತ್ತಿರುವಾಗ ಅವನ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ಈ ವಾರ ಯಾವುದೋ ಚಾನೆಲ್ಲಿನವರು, ಶನಿವಾರ ಒಂಬತ್ತಕ್ಕೆ ಆ ಕೊನೆಯ ಕಂತನ್ನು ಒಂದೇ ಸಲ ತೋರಿಸುತ್ತೇವೆ ಎಂದು ಸಾರಿದರು. ಗುಮಾಸ್ತನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ನಿಂತುಬಿಟ್ಟಿತು. ಅಂಗಿ ಹೋಯಿತು. ಅದರ ಚಿಂತೆ ಅವನಿಗಿರಲಿಲ್ಲ.

ಕಾರ್ಟೂನು ನೋಡಲು ರಜೆ ಬೇಕು ಎಂದು ಯಾರಾದರೂ ಹೇಳಿಕೊಳ್ಳುವುದುಂಟೇ? ಶನಿವಾರ ಎದ್ದವನೇ ಕೆನ್ನೆ ಹಿಡಿದುಕೊಂಡು ಹೆಂಡತಿಯ ಎದುರು ಒಂದು ಸಲ ನರಳಿ ಸೂಪರಿಂಟೆಂಡೆಂಟರಿಗೆ ಫೋನು ಮಾಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಲೆಕ್ಕ.

"ಹಲ್ಲುನೋವಾ?" ಸೂಪರಿಂಟೆಂಡೆಂಟರ ದನಿ ಯಾಕೋ ಅರಳಿತು. "ಇವತ್ತೇನಾ? ಬೆಳಿಗ್ಗೇನಾ? ಏನೂ ಯೋಚ್ನೆ ಮಾಡ್ಬೇಡಿ. ನನ್ನ ಭಾವಮೈದುನ ಹಲ್ಲಿನ ಡಾಕ್ಟ್ರು, ಹೊಸದಾಗಿ ಕ್ಲಿನಿಕ್ ತೆಗ್ದಿದ್ದಾನೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಬೇಡ ಸಾರ್, ತಾನಾಗೇ ಹೋಗುತ್ತೆ..."

"ಹಲ್ಲುನೋವು ತಾನಾಗೇ ಹೋಗಲ್ಲ ಕಣ್ರೀ, ಹಲ್ಲೇ ಹೋಗ್ಬೇಕು. ರೆಡಿಯಾಗಿರಿ. ಒಂಬತ್ತರೊಳಗೆ ನಾವಲ್ಲಿರ್ಬೇಕು!"

ಇಷ್ಟು ಹೊತ್ತಿಗೆ ಹೆಂಡತಿ ಎದುರುಮನೆಯ ನಿವೃತ್ತ ನರ್ಸಮ್ಮನನ್ನು ಕರೆತಂದಾಗಿತ್ತು. ಕೆಲಸ ಬಿಟ್ಟ ಮೇಲೆ ಆಕೆಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ಹಸಿದವರಿಗೆ ಅನ್ನ ಕಂಡಂತಾಯಿತು.

"ಬಾಯಿ ತೆಗೀರಿ. ಎಲ್ಲಿ ನೋವು?"

"ಆ ಕಡೆ."

"ಯಾವ ಕಡೆ ಆ ಕಡೆ?"

"ಹಿಂದ್ಗಡೆ," ಎಂದು ಅವನು ಎಡಕ್ಕೆ ಬೆರಳು ತೋರಿಸಿದ.

"ನೋಡ್ದ್ರಾ, ಊದಿದೆ!" ಎಂದಳು ನರ್ಸಮ್ಮ. ಹೆಂಡತಿಗೂ ಊದಿದಂತೆಯೇ ಕಂಡಿತು. ಇಬ್ಬರೂ ಸೇರಿ ಉಣ್ಣೆಯ ಮಫ್ಲರನ್ನು ಗಲ್ಲದ ಕೆಳಗಿಂದ ನೆತ್ತಿಗೆ ಎಳೆದು ಗಂಟು ಹಾಕಿದರು. ಗುಮಾಸ್ತ ಕಟ್ಟಿಟ್ಟ ಪಾರ್ಸೆಲ್ಲಿನಂತೆ ಸೋಫಾದ ಮೇಲೆ ಕುಳಿತು, ಕತ್ತಲಾಗಿದ್ದ ಟೀವಿಯನ್ನೇ ನೋಡಿದ. ನಿಜ ಹೇಳಿಬಿಡಲೇ ಎಂದುಕೊಂಡ. ಬಾಯಿ ತೆರೆಯಲು ಮಫ್ಲರು ಬಿಡಲಿಲ್ಲ. ಬೀದಿಯಲ್ಲಿ ಕಾರಿನ ಹಾರನ್ನು ಕೇಳಿಸಿತು.

ಸೂಪರಿಂಟೆಂಡೆಂಟರು ಯಾವತ್ತೂ ಅಷ್ಟು ಜೋರಾಗಿ ಕಾರು ಓಡಿಸಿದವರಲ್ಲ. ನರ್ಸಮ್ಮನೂ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಸಿಕ್ಕ ರೋಗಿಯನ್ನು ಅರ್ಧ ದಾರಿಯಲ್ಲಿ ಬಿಡುವ ಹೆಂಗಸಲ್ಲ. ಎಷ್ಟು ಒಳ್ಳೆಯ ಸಾಹೇಬರು, ಇವರಿಗೆ ಸುಳ್ಳು ಹೇಳಿದೆನಲ್ಲ ಎಂದು ಗುಮಾಸ್ತನಿಗೆ ಸಂಕಟವಾಯಿತು.

ಕ್ಲಿನಿಕ್ಕಿನ ಬಾಗಿಲು ತೆರೆದೊಡನೆ ಸಂಕಟವೆಲ್ಲ ಮಾಯವಾಯಿತು. ಕಾಯುವ ಕೋಣೆಯ ಗೋಡೆಯಲ್ಲಿ ಟೀವಿ! ಹೆದರಿದ ಮಕ್ಕಳು ಅಳದಿರಲೆಂದು ಡಾಕ್ಟರು ಕಾರ್ಟೂನು ಹಾಕಿಟ್ಟಿದ್ದರು. ಸೂಪರಿಂಟೆಂಡೆಂಟರು ರಿಮೋಟು ಕೈಗೆತ್ತಿಕೊಂಡು ಅದೂ ಇದೂ ಒತ್ತಿ, "ಮಕ್ಕಳಿದ್ದಾರಲ್ಲ, ಹಳೇದು ಏನಾದ್ರೂ ನೋಡ್ಲಿ ಪಾಪ" ಎಂದು ಗೊಣಗಿದರು. ಪರದೆಯ ಮೇಲೆ ನೀಲಿ ಹರಡಿತು. ಆ ಕೊಳಲಿನ ದನಿ ಬಂತು. ಮೂಲೆಯಿಂದ ಪುಟ್ಟ ಮೋಡ ತೇಲಿಬಂತು.

ಬಣ್ಣ ಮಾಸಿತ್ತು, ಗೆರೆಗಳು ನಡುಗುತ್ತಿದ್ದವು. ಆದರೂ ಔಷಧದ ವಾಸನೆ, ಸಾಲು ಕುರ್ಚಿ, ಒಳಗಿನ ಯಂತ್ರದ ಗುಂಯ್‌ ಸದ್ದು ಎಲ್ಲ ದೂರ ಸರಿದವು. ಗುಮಾಸ್ತ, ಚಿಕ್ಕಮ್ಮ ಹೊಲಿದ ಚಡ್ಡಿಯಲ್ಲಿ, ಅಜ್ಜಿಯ ಮನೆಯ ತಣ್ಣನೆ ನೆಲದ ಮೇಲೆ ಕುಳಿತಿದ್ದ. ಪಕ್ಕದ ಮಕ್ಕಳ ಮೊಣಕೈ ತಾಗುತ್ತಿತ್ತು. ಅಮ್ಮ ಇನ್ನೂ ಬಂದಿರಲಿಲ್ಲ, ಆದರೆ ಬರುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನಿಗೆ ಎಷ್ಟು ಸುಖವಾಯಿತೆಂದರೆ, ಕೆನ್ನೆ ಹಿಡಿದಿದ್ದ ಕೈ ತಾನಾಗಿ ಕೆಳಗಿಳಿಯಿತು.

"ಏನ್ರೀ, ನಗ್ತಾ ಇದ್ದೀರಿ?" ಮಫ್ಲರಿನ ಗಂಟು ಬಿಚ್ಚುತ್ತಿದ್ದ ನರ್ಸಮ್ಮ ಕೇಳಿದಳು.

ಅವನು ಬೆಚ್ಚಿ ಕೆನ್ನೆ ಹಿಡಿದ.

"ಆಗ ಎಡಗಡೆ ಅಂದ್ರಿ. ಈಗ ಬಲಗಡೆ ಹಿಡ್ಕೊಂಡಿದ್ದೀರಿ!"

"ಓಡಾಡ್ತಾ ಇದೆ," ಎಂದ ಗುಮಾಸ್ತ.

"ಸ್ವಲ್ಪ ಸುಮ್ನಿರ್ತೀರಾ!" ಸೂಪರಿಂಟೆಂಡೆಂಟರು ಗದರಿದರು. ಸಾಹೇಬರಿಗೆ ಅನುಮಾನ ಬಂದಿರಬೇಕು ಎಂದು ಗುಮಾಸ್ತ ಕೆನ್ನೆಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ.

ಸಹಾಯಕಿ ಬಂದು ಕರೆದಳು. ಅವನು ತನ್ನ ಸರದಿಯನ್ನು ಎರಡು ಜಡೆಯ ಒಬ್ಬ ಹುಡುಗಿಗೆ ಬಿಟ್ಟುಕೊಟ್ಟ. ಮತ್ತೆ ಕರೆದಾಗ ಒಬ್ಬ ತಾತನಿಗೆ ಬಿಟ್ಟುಕೊಟ್ಟ. ಆಮೇಲೆ ಔಷಧದ ಸ್ಯಾಂಪಲ್ ತಂದಿದ್ದ ಮಾರಾಟಗಾರನನ್ನೂ "ನೀವು ಮುಂದೆ ಹೋಗಿ" ಎಂದು ತಳ್ಳಿದ. ಆ ಮಾರಾಟಗಾರ ನೋವಿಲ್ಲದಿದ್ದರೂ ಮುಲಾಜಿಗೆ ಬಿದ್ದು ಒಳಗೆ ಹೋದ. ಇಷ್ಟರಲ್ಲಿ ಮೋಡ ಸಮುದ್ರ ಮುಟ್ಟಿತ್ತು. ದೂರದಲ್ಲಿ ಬೆಳ್ಳಗೆ ಏನೋ ಕಂಡಿತು. ಗುಮಾಸ್ತ ಕುರ್ಚಿಯ ತುದಿಗೆ ಸರಿದ.

"ಯಾರ್ರೀ ಅದು, ಹೆದರ್ಕೊಂಡು ಕೂತಿರೋದು?" ಡಾಕ್ಟರೇ ಹೊರಗೆ ಬಂದರು.

"ಇವರೇ," ಎಂದು ನರ್ಸಮ್ಮ ಅವನ ರಟ್ಟೆ ಹಿಡಿದಳು. ಮತ್ತೊಂದು ರಟ್ಟೆ ಡಾಕ್ಟರ ಕೈಗೆ ಹೋಯಿತು.

"ಸಾರ್! ಐದೇ ನಿಮಿಷ, ಸಾರ್!" ಗುಮಾಸ್ತ ಸೂಪರಿಂಟೆಂಡೆಂಟರಿಗೆ ಮೊರೆಯಿಟ್ಟ.

ಅವರು ತಿರುಗಿಯೂ ನೋಡದೆ, "ಹೋಗ್ರೀ, ಹೋಗಿ ಬೇಗ" ಎಂದು ಕೈಯಾಡಿಸಿದರು.

ಕುರ್ಚಿಯ ಮೇಲೆ ಮಲಗಿದವನು ನಿಜವನ್ನೆಲ್ಲ ಒದರಿದ. "ಡಾಕ್ಟ್ರೇ, ನಂಗೆ ನೋವೇ ಇಲ್ಲ. ಹೊರಗಡೆ ಕಾರ್ಟೂನು ಬರ್ತಾ ಇದೆ. ಅದಕ್ಕೋಸ್ಕರ ಸುಳ್ಳು ಹೇಳ್ದೆ. ಆ ಮೋಡಕ್ಕೆ ಅಮ್ಮ ಸಿಗ್ತಾಳೋ ಇಲ್ವೋ ನೋಡ್ಬೇಕು!"

ಡಾಕ್ಟರು ಸಹಾಯಕಿಯ ಮುಖ ನೋಡಿ ನಕ್ಕರು. "ಈ ಕುರ್ಚಿ ಮೇಲೆ ಎಲ್ಲರೂ ಇಂಥದ್ದೇ ಏನಾದ್ರೂ ಹೇಳ್ತಾರೆ. ಮೊನ್ನೆ ಒಬ್ಬರು, ನಾನು ರೋಗಿಯೇ ಅಲ್ಲ, ಕರೆಂಟ್ ಬಿಲ್ ಕೊಡೋಕೆ ಬಂದೆ ಅಂದ್ರು. ಬಾಯಿ ತೆಗೀರಿ. ಅಗೋ, ಎಡಗಡೆ ಹಿಂದಿನ ಹಲ್ಲು ಒಳಗಿಂದ ಹುಳುಕಿದೆ, ಕೀಳ್ಬೇಕು. ಸರಿಯಾದ ಹೊತ್ತಿಗೆ ನೋವು ಬಂದಿದೆ ನಿಮ್ಗೆ."

ಸೂಜಿ ಚುಚ್ಚಿದರು. ದವಡೆ ಮರಗಟ್ಟಿತು. ಬಾಗಿಲಾಚೆ ಕೊಳಲಿನ ದನಿ ಏರಿತು, ಏರಿ ನಿಂತಿತು. ಆಮೇಲೆ ಮಕ್ಕಳೆಲ್ಲ ಒಟ್ಟಿಗೆ "ಹೋ!" ಎಂದರು. ಅದು ಸಂತೋಷದ ಹೋ ಆಗಿತ್ತೋ ದುಃಖದ ಹೋ ಆಗಿತ್ತೋ ಅವನಿಗೆ ತಿಳಿಯಲಿಲ್ಲ. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. "ಅಯ್ಯೋ, ಆಗ್ಹೋಯ್ತು" ಎಂದು ಸಹಾಯಕಿ ಸಮಾಧಾನ ಮಾಡಿದಳು.

ಹೊರಗೆ ಬಂದಾಗ ಬಾಯಿ ತುಂಬ ಹತ್ತಿ. ಟೀವಿಯಲ್ಲಿ ಯಾರೋ ಸೋಪು ಮಾರುತ್ತಿದ್ದರು. ನರ್ಸಮ್ಮ ತಾತನ ಬಾಯಿಗೆ ಟಾರ್ಚು ಬಿಟ್ಟುಕೊಂಡು ಅಲ್ಲೇ ಉಳಿದಳು. ಸೂಪರಿಂಟೆಂಡೆಂಟರು ಕಾರು ಹತ್ತಿದರು. ಅವರ ಕಣ್ಣು ಕೆಂಪಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವರೇ ಬಾಯಿಬಿಟ್ಟರು. "ನಿಮ್ಮ ಹತ್ರ ಮುಚ್ಚಿಡೋದೇನು. ಚಿಕ್ಕೋನಿದ್ದಾಗ ನಂಗೆ ಆ ಮೋಡ ಅಂದ್ರೆ ಪ್ರಾಣ. ಕೊನೇ ಕಂತು ನೋಡೋಕೆ ಆಗಿರ್ಲಿಲ್ಲ. ಇವತ್ತು ಮನೇಲಿ ನೋಡಿದ್ರೆ ಮಕ್ಕಳು ನಗ್ತಾರೆ, ಆಫೀಸಲ್ಲಿ ಟೀವಿ ಇಲ್ಲ. ಹೇಗಪ್ಪಾ ತಪ್ಪಿಸ್ಕೊಳ್ಳೋದು ಅಂತ ಒದ್ದಾಡ್ತಾ ಇದ್ದೆ. ಅಷ್ಟರಲ್ಲಿ ನಿಮ್ಮ ಹಲ್ಲುನೋವಿನ ಫೋನು ಬಂತು. ಪೂರ್ತಿ ನೋಡ್ದೆ ಕಣ್ರೀ, ಕೊನೇವರೆಗೂ!"

ಗುಮಾಸ್ತ ಸೀಟಿನಲ್ಲಿ ಪೂರ್ತಿ ಅವರ ಕಡೆ ತಿರುಗಿದ. "ಅಂಅ ಇಕ್ಕಿಂಳಾ?" ಎಂದ. ಅಮ್ಮ ಸಿಕ್ಕಿದಳಾ ಎಂದು ಕೇಳಿದ್ದು ಹತ್ತಿಯೊಳಗೇ ಉಳಿಯಿತು.

"ಮಾತಾಡ್ಬೇಡಿ, ರಕ್ತ ಬರುತ್ತೆ. ಕೊನೇಲಿ ಆ ಮೋಡ ಇದೆಯಲ್ಲ, ಅದು ಮೆಲ್ಲಗೆ ಹತ್ರ ಹೋಗಿ..." ಸೂಪರಿಂಟೆಂಡೆಂಟರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. "ಬೇಡ ಬಿಡಿ. ಹೇಳೋಕೆ ಹೋದ್ರೆ ಅಳು ಬರುತ್ತೆ, ಗಾಡಿ ಓಡಿಸ್ತಾ ಇದ್ದೀನಿ. ಅದನ್ನ ಕಣ್ಣಾರೆ ನೋಡ್ಬೇಕು, ಬಾಯಲ್ಲಿ ಹೇಳೋದಲ್ಲ."

ಗುಮಾಸ್ತ ಅವರ ತೋಳು ಹಿಡಿದು ಅಲ್ಲಾಡಿಸಿದ. ಅವರು ಅದನ್ನು ಕೃತಜ್ಞತೆ ಎಂದುಕೊಂಡು ಅವನ ಕೈಯನ್ನು ಪ್ರೀತಿಯಿಂದ ತಟ್ಟಿದರು.

"ಅಂದ ಹಾಗೆ," ಎಂದರು, "ಬರೋ ಶನಿವಾರ ಅದೇ ಹೊತ್ತಿಗೆ ಇನ್ನೊಂದು ಹಳೇ ಕಾರ್ಟೂನು ಹಾಕ್ತಾರಂತೆ. ಬಲಗಡೆ ಹಲ್ಲೂ ನೋಯ್ತಾ ಇತ್ತಲ್ವಾ ನಿಮ್ಗೆ? ನಾನು ಆಗ್ಲೇ ಡಾಕ್ಟ್ರಿಗೆ ಹೇಳಿಟ್ಟಿದ್ದೀನಿ."